ಅಕ್ಕನಿಗೆಂದು ಬಿಟ್ಟ ಟಗರು

ಟಾಲಿವರ್ ಬೆಟ್ಟದ ಬಿಡಾರ, ನೆವಾಡ
ಜೂನ್ 14, 1996

ಪ್ರೀತಿಯ ಗ್ರಾಸಿ ಅಕ್ಕನಿಗೆ,

ನಿನ್ನ ಹೆಸರಿನ ಚೀಟಿ ಎದ್ದಿತೆಂದು ಈ ಬೆಟ್ಟದ ಮೇಲೆ ಮೊದಲು ಹೇಳಿದವನು ಪೆಯೊ. ಮೊನ್ನೆ ಬುಧವಾರ, ನಾನು ಊಟಕ್ಕೆ ಕೂತ ಹೊತ್ತಿನಲ್ಲಿ. ವಾರಕ್ಕೊಮ್ಮೆ ಕೆಳಗಿನ ಕ್ವಿನ್ ಫೋರ್ಡ್ ಊರಿನಿಂದ ರೊಟ್ಟಿ, ಹುರುಳಿ, ಟಪಾಲು ಹೊತ್ತು ತರುವ ಮುದುಕ, ಈ ಸಲ ಹೇಸರಗತ್ತೆಯ ಬೆನ್ನಿನ ಗಂಟು ಇಳಿಸುವ ಮೊದಲೇ ಬಾಯಿ ಬಿಚ್ಚಿದ.

"ನಿಮ್ ದೊಡ್ಡಪ್ಪನ ಮಗಳಿಗೆ ಟಗರು ಬಿತ್ತು ಕಣೋ."

"ಯಾವ ಟಗರು?"

"ಯಾವ ಟಗರು ಅಂದ್ರೆ? ಈ ಬೆಟ್ಟದ್ದು. ಪಟ್ಟಿ ಬಂದಿದೆ. ಊರಿನ ಗಂಡಸ್ರೆಲ್ಲ ಹಲ್ಲುನೋವು ಬಂದೋರ ಹಾಗೆ ಕೂತವ್ರೆ."

ಕೂರದೆ ಏನು ಮಾಡುತ್ತಾರೆ? ರಾಜ್ಯದ ಮೂಲೆಮೂಲೆಯಿಂದ ಅರ್ಜಿ ಹೋಗುತ್ತದೆ. ಟಾಲಿವರ್ ಬೆಟ್ಟದಲ್ಲಿ ಕಾಡುಟಗರು ಹೊಡೆಯಲು ಈ ವರ್ಷ ಚೀಟಿ ಎತ್ತಿ ಕೊಟ್ಟದ್ದು ಎರಡೇ ಟ್ಯಾಗು, ಟ್ಯಾಗಿಗೆ ಒಂದೇ ಟಗರು. ಒಂದು ಲಾಸ್ ವೇಗಸ್‌ನ ಯಾವನೋ ಹಲ್ಲಿನ ಡಾಕ್ಟರನಿಗೆ, ಇನ್ನೊಂದು ನನ್ನ ಅಕ್ಕನಿಗೆ. ಜೀವಮಾನದಲ್ಲಿ ಎರಡನೇ ಸಲ ಈ ಚೀಟಿ ಎದ್ದವರನ್ನು ನಾನು ಕಂಡಿಲ್ಲ. ಒಂದು ಸಲವೂ ಏಳದೆ ಮಣ್ಣಿಗೆ ಹೋದವರನ್ನು ಬೇಕಾದಷ್ಟು ಕಂಡಿದ್ದೇನೆ.

ನೀನು ಸೆಪ್ಟೆಂಬರಿನಲ್ಲಿ ಬರುವವರೆಗೆ ಬೆಟ್ಟದ ಮೇಲೆ ಕಣ್ಣಿಡುವವನು ನಾನು. ಕುರಿ ಕಾಯುವುದು ಹೇಗೂ ಇದ್ದದ್ದೇ. ಅದರ ಜೊತೆಗೆ ಟಗರನ್ನೂ ಕಾಯುತ್ತೇನೆ. ಕಣಿವೆಯ ಆಚೆ ಬದಿಯ ಬಂಡೆಗಳಲ್ಲಿ ಒಬ್ಬನಿದ್ದಾನೆ, ಅವನ ವಿಷಯ ಮುಂದೆ ಬರೆಯುತ್ತೇನೆ.

ವನ್ಯಜೀವಿ ಇಲಾಖೆಯ ಟ್ರೆಂಟ್ ಕಳೆದ ವಾರ ಬಂದು, ಪ್ರತಿ ಬೇಸಿಗೆಯ ಹಾಗೆ ಬಿಡಾರದಲ್ಲಿ ವೈರ್‌ಲೆಸ್ ರೇಡಿಯೊ ಇಟ್ಟು ಅದೇ ಪಾಠ ಒಪ್ಪಿಸಿ ಹೋದ. ಕಾಡುಟಗರು ನಮ್ಮ ಮಂದೆಯೊಳಗೆ ಬಂದರೆ ಆ ಕ್ಷಣವೇ ಕರೆಯಬೇಕು. ನಮ್ಮ ಕುರಿಗಳು ಎದೆಯಲ್ಲಿಟ್ಟುಕೊಂಡು ಆರಾಮವಾಗಿ ತಿರುಗುವ ರೋಗ ಅವಕ್ಕೆ ಸಾವು. ಬಂದ ಟಗರು ಮರಳಿ ತನ್ನ ಹಿಂಡಿಗೆ ಹೋಗದಂತೆ ಅಲ್ಲೇ ಹೊಡೆದುಹಾಕುತ್ತಾರೆ. ನಾನು ಈ ಬೆಟ್ಟಕ್ಕೆ ಬಂದ ಮೇಲೆ ಒಂದೂ ಬಂದಿಲ್ಲ, ಹೆದರಬೇಡ. ಬಡ ನೆಂಟರನ್ನು ಕಂಡ ಸಾಹುಕಾರರ ಹಾಗೆ ಅವು ನಮ್ಮ ಕುರಿಗಳನ್ನು ಕಂಡರೆ ಮುಖ ತಿರುಗಿಸುತ್ತವೆ.

ನಿನ್ನ ತಮ್ಮ,
ಬೆಟ್ಟಿರಿ


ರೀನೋ
ಜೂನ್ 23, 1996

ಬೆಟ್ಟಿರಿ,

ಸುದ್ದಿಯ ಲಕೋಟೆಯನ್ನು ನಾನು ಒಡೆದದ್ದು ಶಾಲೆಯ ಬಸ್ಸಿನಲ್ಲಿ, ಮಕ್ಕಳೆಲ್ಲ ಇಳಿದ ಮೇಲೆ. ಡಿಪೋದಲ್ಲಿ ನನ್ನ ಪಕ್ಕದ ಬಸ್ಸು ಓಡಿಸುವ ರಾಬಿನಾ ನನ್ನ ಮುಖ ನೋಡಿ ಯಾರಾದರೂ ಸತ್ತರೇನೋ ಎಂದು ಓಡಿ ಬಂದಳು. ವಿಷಯ ಹೇಳಿದೆ. "ಕುರಿ ಹೊಡೆಯೋಕೂ ಲಾಟರಿನಾ?" ಎಂದಳು. ಅವಳಿಗೆ ವಿವರಿಸಲು ಹೋಗಲಿಲ್ಲ.

ನಿನಗೆ ಹೇಳಬಹುದು. ಆ ಬೆಟ್ಟದಲ್ಲಿ ನನ್ನದೆನ್ನಲು ಒಂದು ಕಲ್ಲಿಲ್ಲ. ಅಪ್ಪ ಮಂದೆಯನ್ನು, ಮನೆಯನ್ನು, ಮೇಯಿಸುವ ಪರವಾನಗಿಯನ್ನು ತಮ್ಮನ ಮಗನಾದ ನಿನಗೆ ಬರೆದುಕೊಟ್ಟರು. "ಹುಡುಗಿ ಮಂದೆಯ ಹಿಂದೆ ಮಲಗೋಕಾಗುತ್ತಾ?" ಎಂದರು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಕೇಳಿದ್ದು ನೀನಲ್ಲ. ಆದರೆ ಆ ಬೆಟ್ಟದಲ್ಲಿ ಅಳಿದುಹೋಗಿದ್ದ ಕಾಡುಕುರಿಗಳನ್ನು ಕೆನಡದಿಂದ ಲಾರಿಯಲ್ಲಿ ತಂದು ಬಿಟ್ಟ ದಿನ ಒಂದು ಪೆಟ್ಟಿಗೆಯ ಬಾಗಿಲು ಎತ್ತಿದವಳು ನಾನು. ಮೊದಲ ಕುರಿ ನನ್ನ ಮೊಣಕಾಲಿಗೆ ಉಜ್ಜಿಕೊಂಡೇ ಓಡಿಹೋಯಿತು. ಅವು ಬೇಟೆಗೆ ಕೊಡುವಷ್ಟು ಹೆಚ್ಚಿದ ವರ್ಷದಿಂದ ಒಂದು ವಸಂತವನ್ನೂ ಬಿಡದೆ ಅರ್ಜಿ ಹಾಕಿದ್ದೇನೆ. ಚೀಟಿಗೆ ಹೆಣ್ಣು ಗಂಡು ಗೊತ್ತಿಲ್ಲ. ಬೆಟ್ಟ ನನಗೆಂದು ಕೊಟ್ಟದ್ದು ಇದೊಂದೇ.

ಅದಕ್ಕೇ ಹೇಳುತ್ತೇನೆ, ನೀನು ಆರಿಸಿದ ಆ ಟಗರನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ. ಅದಕ್ಕೆ ಏನೂ ಆಗಬಾರದು.

ಗ್ರಾಸಿ


ಬಿಡಾರ
ಜುಲೈ 21

ಅಕ್ಕಾ,

ಈಗ ಅವನ ಕಥೆ ಕೇಳು. ನಾನು ಅವನಿಗೆ ಪಾದ್ರಿ ಎಂದು ಹೆಸರಿಟ್ಟಿದ್ದೇನೆ. ಪೂಜೆ ಮುಗಿಸಿ ಇಳಿಯುವ ಪಾದ್ರಿಯ ಹಾಗೆ ಬಂಡೆಯಿಂದ ಬಂಡೆಗೆ ನಿಧಾನವಾಗಿ ಇಳಿಯುತ್ತಾನೆ, ಹಿಂದೆ ಚಿಕ್ಕವರು ಸಾಲಾಗಿ. ಕೊಂಬು ಪೂರ್ತಿ ಒಂದು ಸುತ್ತು ಸುತ್ತಿ ಕೆನ್ನೆಯ ಪಕ್ಕಕ್ಕೆ ಬಂದಿದೆ. ಎಡಗೊಂಬಿನ ತುದಿ ಮೊಂಡ, ಬಲದ್ದು ಇನ್ನೂ ಚೂಪು. ಮೂಗಿನ ಮೇಲೆ ಹಳೆಯ ಕಾಳಗದ ಬಿಳಿ ಗಾಯ.

ಬೆಳಿಗ್ಗೆ ಬಂಡೆಯಡಿಯಿಂದ ಜಿನುಗುವ ಊಟೆಯ ಹತ್ತಿರ ನೀರು ಕುಡಿಯುತ್ತಾನೆ. ಬಿಸಿಲೇರಿದರೆ ಕೆಂಪು ಬಂಡೆಯ ನೆರಳಿಗೆ. ಸಂಜೆ ಗಾಳಿ ತಿರುಗಿದ ಮೇಲೆ ಮೇಯಲು ಏಳುತ್ತಾನೆ, ಅದಕ್ಕೆ ಮುಂಚೆ ಬೆಟ್ಟದ ಸಿಂಹವೇ ಬಂದರೂ ಏಳುವ ಪೈಕಿ ಅಲ್ಲ. ದುರ್ಬೀನಿನಲ್ಲಿ ನೋಡಿ ನೋಡಿ ನನಗೆ ಅವನ ದಿನಚರಿ ನನ್ನದಕ್ಕಿಂತ ಚೆನ್ನಾಗಿ ಗೊತ್ತು. ನನ್ನ ನಾಯಿಗೆ ಹೊಟ್ಟೆಕಿಚ್ಚು. ನಾನು ದುರ್ಬೀನು ಹಿಡಿದರೆ ಸಾಕು, ಬೆನ್ನು ತಿರುಗಿಸಿ ಮಲಗುತ್ತದೆ.

ಪೆಯೊ ಒಂದು ದಿನ ನನ್ನ ಪಕ್ಕದಲ್ಲಿ ಕೂತು ನೋಡಿದ. ಆಮೇಲೆ, ಇಷ್ಟು ಪ್ರೀತಿಯಿಂದ ನೋಡಿದ್ದನ್ನು ಕೊಲ್ಲಿಸೋದು ಹೇಗೋ ಎಂದು ಕೇಳಿದ. ನಾವು ಮರಿಗಳನ್ನು ಸಾಕುವುದಿಲ್ಲವೇ ಎಂದೆ. ಅದು ಬೇರೆ ಎಂದ. ಊಟಕ್ಕೆ ಎದ್ದೆವು.

ನಿನ್ನ ಕಾಗದ ಬಂದಾಗಿನಿಂದ ಒಂದು ಮಾತು ಮನಸ್ಸಿನಲ್ಲಿದೆ. ದೊಡ್ಡಪ್ಪ ಪರವಾನಗಿ ನನ್ನ ಹೆಸರಿಗೆ ಬರೆದ ದಿನ ನೀನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ, ತಿರುಗಿ ನೋಡಲಿಲ್ಲ. ನಾನೂ ಏನೂ ಹೇಳಲಿಲ್ಲ. ಪಾದ್ರಿ ನಿನ್ನವನು. ಅವನನ್ನು ನಿನಗೆ ತಲುಪಿಸುವುದು ನನ್ನ ಪಾಲಿನ ಕೆಲಸ.

ಬೆಟ್ಟಿರಿ


ರೀನೋ
ಆಗಸ್ಟ್ 11

ಬೆಟ್ಟಿರಿ,

ರಜೆ ಸಿಕ್ಕಿತು. ಶಾಲೆ ಶುರುವಾಗಿ ಮಕ್ಕಳು ಹತ್ತುವ ಇಳಿಯುವ ಜಾಗ ಒಂದು ಹದಕ್ಕೆ ಬರುವವರೆಗೆ ಬಿಡುವುದಿಲ್ಲ ಎಂದರು. ಸೆಪ್ಟೆಂಬರ್ ಕೊನೆಗೆ ಬರುತ್ತೇನೆ.

ಭಾನುವಾರಗಳಲ್ಲಿ ಊರಾಚೆ ಹೋಗಿ ಗುರಿ ಅಭ್ಯಾಸ ಮಾಡುತ್ತಿದ್ದೇನೆ. ಅಪ್ಪನ ಹಳೆಯ ಬಂದೂಕೇ. ಭುಜ ನೀಲಿಗಟ್ಟಿದೆ, ಆದರೆ ಗುಂಡು ಹೇಳಿದ ಜಾಗಕ್ಕೆ ಹೋಗುತ್ತಿದೆ. ಸಂಜೆ ಬೆನ್ನಿಗೆ ಚೀಲ ಕಟ್ಟಿ ಮೆಟ್ಟಿಲು ಹತ್ತುತ್ತೇನೆ. ಈ ವಯಸ್ಸಿನಲ್ಲಿ ಯಾವ ಯುದ್ಧಕ್ಕೆ ಹೊರಟಳು ಎಂದು ಪಕ್ಕದ ಮನೆಯವರು ನಗುತ್ತಾರೆ.

ಇನ್ನೊಂದು ಕಾಗದ ಬರೆ. ನಿನ್ನ ಕಾಗದ ಓದುವಾಗ ನಾನು ಅಲ್ಲೇ ಇರುತ್ತೇನೆ.

ಗ್ರಾಸಿ


ಬಿಡಾರ
ಆಗಸ್ಟ್ 30

ಅಕ್ಕಾ,

ಕೆಲಸ ಹೆಚ್ಚಿತ್ತು, ಬರೆಯಲಾಗಲಿಲ್ಲ. ಮರಿಗಳನ್ನು ಬೇರ್ಪಡಿಸಿ ಲಾರಿಗೆ ಹತ್ತಿಸಿದೆವು. ತಾಯಿಕುರಿಗಳ ಬೆನ್ನಿನ ಗುರುತು ಮಾಸಿತ್ತು, ಹೊಸದಾಗಿ ನೀಲಿ ಬಣ್ಣ ಒತ್ತಿದೆವು. ಮರಿ ಹೋದ ಮೇಲೆ ಅವು ಕೂಗುವುದನ್ನು ನೀನು ಕೇಳಿದ್ದೀಯ. ಈಗ ಸುಮ್ಮನಾಗಿವೆ. ಬೆದೆಗೆ ಬರುವ ಕಾಲವೂ ಹತ್ತಿರವಾಯಿತು.

ಪಾದ್ರಿ ಚೆನ್ನಾಗಿದ್ದಾನೆ. ಹತ್ತಿರದಿಂದಲೇ ನೋಡಿದೆ.

ಒಂದು ಕೆಲಸ ಮಾಡು. ಸೆಪ್ಟೆಂಬರ್ ಮೊದಲ ವಾರದಲ್ಲೇ ಬಂದುಬಿಡು. ಬೇಟೆ ಒಂದನೇ ತಾರೀಖಿಗೆ ತೆರೆಯುತ್ತದೆ. ರಜೆ ಕೊಡದಿದ್ದರೆ ಹುಷಾರಿಲ್ಲ ಎಂದು ಹೇಳು. ಆ ಹಲ್ಲಿನ ಡಾಕ್ಟರ್ ಬರುವ ಮೊದಲು ಬಾ. ತಡ ಮಾಡಬೇಡ.

ಬೆಟ್ಟಿರಿ


ರೀನೋ
ಸೆಪ್ಟೆಂಬರ್ 6

ಬೆಟ್ಟಿರಿ,

ನಿನ್ನ ಕಾಗದ ಓದಿ ನಗು ಬಂತು. ಡಾಕ್ಟರನ ಮೇಲೆ ಇಷ್ಟು ಹೊಟ್ಟೆಕಿಚ್ಚೇ? ಟಗರು ಒಂದೇ ಅಲ್ಲವಲ್ಲ ಬೆಟ್ಟದಲ್ಲಿ. ಅವನು ಪಾದ್ರಿಯನ್ನೇ ಹೊಡೆದರೆ ಅವನ ಅದೃಷ್ಟ. ಆಗ ನಾನು ಇನ್ನೊಬ್ಬನನ್ನು ಹುಡುಕುತ್ತೇನೆ.

ಹುಷಾರಿಲ್ಲ ಎಂದು ಸುಳ್ಳು ಹೇಳಲಾರೆ. ಹೊಸದಾಗಿ ಶಾಲೆಗೆ ಸೇರಿದ ಪುಟ್ಟ ಮಕ್ಕಳು ಬಸ್ಸಿನ ಮೆಟ್ಟಿಲಲ್ಲಿ ನಿಂತು ಅಳುತ್ತವೆ. ಅವಕ್ಕೆ ದಿನಾ ಅದೇ ಮುಖ ಕಾಣಬೇಕು. ಹೇಳಿದ ದಿನಕ್ಕೇ ಬರುತ್ತೇನೆ.

ಟಗರು ಕಾಯುವುದು ನಿನಗೆ ಬೇಸರವಾಗಿದ್ದರೆ ಹಾಗಂತ ಹೇಳು, ನೊಂದುಕೊಳ್ಳುವುದಿಲ್ಲ. ಮೊದಲಿನ ಹಾಗೆ ಕಥೆ ಹೇಳುತ್ತಿಲ್ಲ ನೀನು.

ಗ್ರಾಸಿ


ಕೆಳಗಿನ ಬಿಡಾರ
ಸೆಪ್ಟೆಂಬರ್ 20

ಅಕ್ಕಾ,

ಮಂದೆಯನ್ನು ಈ ವರ್ಷ ಬೇಗ ಕೆಳಗಿಳಿಸಿದೆ. ಹುಲ್ಲು ಕಡಿಮೆ ಇತ್ತು.

ಡಾಕ್ಟರ್ ಬಂದಿದ್ದ. ನಾಲ್ಕು ದಿನ ತಿರುಗಿ ಗುಂಡು ಹಾರಿಸದೆ ವಾಪಸ್ಸು ಹೋದ. ಕಂಡ ಟಗರುಗಳೆಲ್ಲ ಬಡಕಲು, ಕೂದಲು ಕೆದರಿಕೊಂಡಿವೆ ಎಂದನಂತೆ. ಪೇಟೆಯವರಿಗೆ ಏನು ಗೊತ್ತಾಗುತ್ತದೆ.

ನೀನು ಬಂದಾಗ ಬೆಟ್ಟಕ್ಕೆ ನನಗೆ ಬರಲಾಗುವುದಿಲ್ಲ. ಮಂದೆಗೆ ಬೇರೆ ಆಳು ಸಿಗಲಿಲ್ಲ. ಪೆಯೊ ಕರೆದುಕೊಂಡು ಹೋಗುತ್ತಾನೆ. ಅವನಿಗೆ ದಾರಿ ಗೊತ್ತು.

ಬೆಟ್ಟಿರಿ


ರೀನೋ
ಅಕ್ಟೋಬರ್ 5

ಬೆಟ್ಟಿರಿ,

ಕ್ವಿನ್ ಫೋರ್ಡಿನಲ್ಲಿ ನಿನ್ನ ಮನೆಯ ಮುಂದೆ ಎರಡು ಸಲ ಗಾಡಿ ನಿಲ್ಲಿಸಿದೆ. ಬಾಗಿಲು ತಟ್ಟಲಿಲ್ಲ. ಮುಖ ನೋಡಿ ಕೇಳುವ ಧೈರ್ಯ ಇರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪೆಯೊ ಮತ್ತು ನಾನು ಮೊದಲ ದಿನ ಊಟೆಯ ಮೇಲಿನ ದಿಬ್ಬದಲ್ಲಿ ಕೂತೆವು. ನೀನು ಹಾಗೆ ಬರೆದಿದ್ದರೂ ನೀರಿಗೆ ಯಾವ ಟಗರೂ ಬರಲಿಲ್ಲ. ಗಾಳಿ ಇರಲಿಲ್ಲ. ಆಗ ಕಣಿವೆಯ ಆಚೆ ಯಾರೋ ಕೆಮ್ಮಿದರು. ಮನುಷ್ಯರ ಕೆಮ್ಮೇ. ನೀನೇ ಮನಸ್ಸು ಬದಲಿಸಿ ಹಿಂದಿನಿಂದ ಬಂದೆ ಎಂದುಕೊಂಡೆ, ಸಂತೋಷವಾಯಿತು. "ಬೆಟ್ಟಿರಿ ಬಂದ ಅಂತ ಕಾಣುತ್ತೆ" ಎಂದೆ. ಪೆಯೊ ನೆಲ ನೋಡಿದ. "ಅಲ್ಲ ಮಗಾ" ಎಂದ.

ಆಮೇಲೆ ಇನ್ನೊಂದು ಕಡೆಯಿಂದ ಕೇಳಿಸಿತು. ಆಮೇಲೆ ಕೆಳಗಿನಿಂದ. ಆಸ್ಪತ್ರೆಯ ವಾರ್ಡಿನಲ್ಲಿ ಕೂತಂತಿತ್ತು.

ಪಾದ್ರಿ ಕೆಂಪು ಬಂಡೆಯ ನೆರಳಿನಲ್ಲಿದ್ದ. ನಮ್ಮನ್ನು ನೋಡಿದ, ಏಳಲಿಲ್ಲ. ನಾನು ಮೆಟ್ಟಿಲು ಹತ್ತಿದ್ದು, ಭುಜ ನೋಯಿಸಿಕೊಂಡದ್ದು ಯಾವುದಕ್ಕೂ ಬೇಕಾಗಲಿಲ್ಲ. ಬಸ್ಸಿನ ಮುಂಬಾಗಿಲಿನಿಂದ ಹಿಂದಿನ ಸೀಟಿಗೆ ಇರುವಷ್ಟು ದೂರಕ್ಕೆ ನಡೆದುಹೋದೆ. ಮೂಗಿನಿಂದ ಕೀವು ಇಳಿದು ಒಣಗಿತ್ತು, ಆ ಬಿಳಿ ಗಾಯ ಮುಚ್ಚಿಹೋಗಿತ್ತು. ಕುತ್ತಿಗೆ ಮುಂದೆ ಚಾಚಿ ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವಂತೆ ಸೇದುತ್ತಿದ್ದ. ಹೊಡೆದೆ. ಬೇಟೆಯೆಂದು ಹೊಡೆದದ್ದಲ್ಲ ಅದು.

ಪೆಯೊ ಹೊಟ್ಟೆ ಸೀಳಿದ. ಶ್ವಾಸಕೋಶ ಪಕ್ಕೆಲುಬಿಗೆ ಅಂಟಿಕೊಂಡಿತ್ತು, ಬೂದು ಬಣ್ಣ, ಒದ್ದೆ ಮಣ್ಣಿನ ಹಾಗೆ. ಆಮೇಲೆ ಮಗ್ಗುಲು ಹೊರಳಿಸಿದಾಗ ಎದೆಯ ಮೇಲೆ, ಮುಂಗಾಲಿನ ಒಳಗೆ, ನೀಲಿ ಬಣ್ಣ ಕಂಡಿತು. ಒಣಗಿ ಕೂದಲಿಗೆ ಅಂಟಿದ ನೀಲಿ. ನಮ್ಮ ಮಂದೆಯ ನೀಲಿ, ಬೆಟ್ಟಿರಿ. ಚಿಕ್ಕವಳಿದ್ದಾಗ ಅಪ್ಪ ಅದನ್ನು ಕಲಸುವಾಗ ಕೋಲು ತಿರುಗಿಸುತ್ತಿದ್ದವಳು ನಾನು.

ಪೆಯೊ ಆ ಚರ್ಮವನ್ನು ಚಾಕುವಿನಿಂದ ಬಿಡಿಸಿ ಕಲ್ಲಿನಡಿ ಹೂತ. ಕೈ ಒರೆಸಿಕೊಂಡು ಹೇಳಿದ, "ಕೊಂಬು ತಗೊಂಡ್ ಹೋಗು ಮಗಾ. ಕೊಂಬಿಗೆ ಬಣ್ಣ ಇಲ್ಲ."

ತೆಗೆದುಕೊಂಡು ಹೋದೆ. ಇಲಾಖೆಯಲ್ಲಿ ಟ್ರೆಂಟ್ ಕೊಂಬಿಗೆ ತೂತು ಕೊರೆದು ನಂಬರಿನ ಬಿಲ್ಲೆ ಕೂರಿಸಿದ, ಕೈಕುಲುಕಿದ. ಬೆಟ್ಟದಲ್ಲಿ ಏನಾದರೂ ವಿಚಿತ್ರ ಕಂಡಿರಾ ಎಂದು ಕೇಳಿದ. ಎಲ್ಲರನ್ನೂ ಕೇಳುವ ಪ್ರಶ್ನೆ. ಇಲ್ಲ ಎಂದೆ. ಹುಷಾರಿಲ್ಲ ಎಂದು ಸುಳ್ಳು ಹೇಳಲಾರೆ ಎಂದಿದ್ದವಳು ನಾನು.

ಆ ಬಣ್ಣ ಅಲ್ಲಿಗೆ ಹೇಗೆ ಬಂತು, ಹೇಳು.

ಗ್ರಾಸಿ


ಕ್ವಿನ್ ಫೋರ್ಡ್
ಅಕ್ಟೋಬರ್ 12

ಅಕ್ಕಾ,

ಬಣ್ಣ ಹಚ್ಚಿದ ಕುರಿಗಳು ಮರಗಳಿಗೆ, ಬಂಡೆಗಳಿಗೆ ಮೈ ಉಜ್ಜುತ್ತವೆ. ಅದೇ ಬಂಡೆಗೆ ಇನ್ನೊಂದು ಪ್ರಾಣಿ ಉಜ್ಜಿದರೆ ಅದಕ್ಕೂ ಅಂಟುತ್ತದೆ. ಹಾಗೇ ಆಗಿರಬೇಕು.

ಕಾಡುಕುರಿಗಳಿಗೆ ಆಗಾಗ ಕೆಮ್ಮು ಬರುತ್ತದೆ, ಧೂಳಿನ ವರ್ಷ ಇದು. ಚಳಿಗಾಲ ಕಳೆದರೆ ಸರಿಹೋಗುತ್ತವೆ.

ನಿನಗೆ ಟಗರು ಸಿಕ್ಕಿತು. ಆ ಕೊಂಬಿನಂಥದ್ದು ಈ ರಾಜ್ಯದಲ್ಲಿ ಎಷ್ಟು ಮನೆಯ ಗೋಡೆಯಲ್ಲಿದೆ? ಅದನ್ನು ನೋಡಿ ಸಂತೋಷಪಡು. ಉಳಿದದ್ದನ್ನು ಕೆದಕಬೇಡ. ಪರವಾನಗಿ ರದ್ದಾದರೆ ನಾನು, ಪೆಯೊ ಎಲ್ಲಿಗೆ ಹೋಗಬೇಕು? ದೊಡ್ಡಪ್ಪ ಕಟ್ಟಿದ ಮಂದೆ ಅದು.

ಬೆಟ್ಟಿರಿ


ರೀನೋ
ಅಕ್ಟೋಬರ್ 19

ಬೆಟ್ಟಿರಿ,

ಬಂಡೆಗೆ ಉಜ್ಜಿದರೆ ಮಗ್ಗುಲಿಗೆ ಬಣ್ಣ ಹತ್ತುತ್ತದೆ. ಹೆಣ್ಣುಕುರಿಯ ಬೆನ್ನೇರಿದರೆ ಎದೆಗೆ ಹತ್ತುತ್ತದೆ. ಕುರಿ ಕಾಯುವವರ ಮನೆಯಲ್ಲೇ ಹುಟ್ಟಿದವಳಿಗೆ ನೀನು ಇದನ್ನು ಬರೆದೆಯಲ್ಲ.

ಪಾದ್ರಿ ನಿನ್ನ ಮಂದೆಗೆ ಬಂದಿದ್ದ. ನೀನು ನೋಡಿದೆ. ರೇಡಿಯೊ ಕೈಗೆಟುಕುವಲ್ಲೇ ಇತ್ತು. ಕರೆದರೆ ಅವನನ್ನು ಹೊಡೆಯುತ್ತಾರೆ, ಅಕ್ಕನ ಟಗರು ಹೋಗುತ್ತದೆ ಎಂದು ಕರೆಯಲಿಲ್ಲ. ಅವನನ್ನು ಬೆಟ್ಟಕ್ಕೆ ವಾಪಸ್ಸು ಅಟ್ಟಿದೆ, ಮತ್ತೆ ನನಗೆ "ಬೇಗ ಬಾ" ಎಂದು ಬರೆದೆ. ನಾನು ಅದನ್ನು ಹೊಟ್ಟೆಕಿಚ್ಚು ಎಂದುಕೊಂಡು ನಕ್ಕೆ. ಅದಕ್ಕೆ ಏನೂ ಆಗಬಾರದು ಎಂದು ಬರೆದವಳು ನಾನೇ. ಆ ಮಾತಿನ ಭಾರ ನನಗೆ ಗೊತ್ತಿರಲಿಲ್ಲ.

ಈಗ ಕೇಳು. ಕೊಂಬಿಗೆ ಬಿಲ್ಲೆ ಕೂರಿಸುವಾಗ ಟ್ರೆಂಟ್ ಸುಮ್ಮನೆ ಮಾತಿಗೆ ಹೇಳಿದ್ದ: ಬೆಟ್ಟದ ಉತ್ತರದ ಬೆನ್ನಿನಲ್ಲಿ ಇನ್ನೊಂದು ಹಿಂಡಿದೆ, ಹೆಣ್ಣುಗಳು ಮರಿಗಳೇ ಹೆಚ್ಚು. ನವೆಂಬರಿನಲ್ಲಿ ಬೆದೆಯ ಕಾಲಕ್ಕೆ ದಕ್ಷಿಣದ ಟಗರುಗಳು ಕಣಿವೆ ದಾರಿ ದಾಟಿ ಅಲ್ಲಿಗೆ ಹೋಗುತ್ತವೆ. ಕೆಮ್ಮುವ ಟಗರುಗಳು ದಾಟಿದರೆ ಆ ಬೆಟ್ಟದಲ್ಲಿ ಉಳಿಯುವುದು ಕಲ್ಲು ಮಾತ್ರ. ದಾಟುವ ಮೊದಲು ತಡೆದರೆ ಅರ್ಧ ಬೆಟ್ಟ ಉಳಿಯಬಹುದು.

ನಾನು ಹೇಳಬಹುದು. ನಾಳೆಯೇ ಹೋಗಿ, ಸುಳ್ಳು ಹೇಳಿದ್ದೆ ಎನ್ನಬಹುದು. ಆದರೆ ಎಲ್ಲಿ, ಯಾವತ್ತು, ಎಷ್ಟು ಹೊತ್ತು, ಜೊತೆಯಲ್ಲಿ ಬೇರೆ ಟಗರು ಇತ್ತೇ ಎಂಬುದು ನಿನಗೆ ಮಾತ್ರ ಗೊತ್ತು. ನೀನು ಹೇಳು. ತಿಂಗಳು ಮುಗಿಯುವವರೆಗೆ ಕಾಯುತ್ತೇನೆ. ನೀನು ಹೋಗದಿದ್ದರೆ ನಾನು ಹೋಗುತ್ತೇನೆ. ಆಮೇಲೆ ನನ್ನನ್ನು ಅಕ್ಕ ಎನ್ನುವುದು ಬಿಡುವುದು ನಿನಗೆ ಸೇರಿದ್ದು.

ಕೊಂಬು ಗೋಡೆಯಲ್ಲಿಲ್ಲ. ಕಾರಿನ ಡಿಕ್ಕಿಯಲ್ಲೇ ಇದೆ.

ಗ್ರಾಸಿ


ಕ್ವಿನ್ ಫೋರ್ಡ್
ನವೆಂಬರ್ 4

ಅಕ್ಕಾ,

ನೀನು ಕೊಟ್ಟ ಗಡುವು ದಾಟಿತು. ಅದಕ್ಕೆ ನೆಪ ಹೇಳುವುದಿಲ್ಲ. ಮೊನ್ನೆ ಶನಿವಾರ ಹೇಳಿದೆ.

ಟ್ರೆಂಟನ ಆಫೀಸಿಗೆ ಹೋಗಲು ಕಾಲು ಬರಲಿಲ್ಲ. ಶನಿವಾರದ ರಾತ್ರಿಯೂಟಕ್ಕೆ ಹೋಟೆಲಿನ ಉದ್ದ ಮೇಜಿಗೆ ಅವನನ್ನೇ ಕರೆದೆ. ಊರಿನ ಕುರಿಯವರೆಲ್ಲ ಇದ್ದರು. ಬೆಳ್ಳುಳ್ಳಿ ಸಾರು ಬಂತು, ಹುರುಳಿ ಬಂತು, ಕುರಿಮಾಂಸ ಬರುವುದರೊಳಗೆ ಎದ್ದು ನಿಂತೆ. ಹಾಡು ಹೇಳುತ್ತಾನೆಂದು ಎಲ್ಲರೂ ಚಮಚ ಬಡಿದರು.

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮರಿಗಳನ್ನು ಕಳಿಸಿ ಎರಡು ದಿನವಾಗಿತ್ತು. ಬೆಳಗಿನ ಬೆಳಕಿನಲ್ಲಿ ಮಂದೆಯ ನಡುವೆ ಒಂದು ಬೆನ್ನು ಮಾತ್ರ ಕಂದು ಬಣ್ಣದ್ದು, ಉಳಿದವಕ್ಕಿಂತ ಎತ್ತರ. ಅವನು ನನ್ನ ಕುರಿಗಳ ಮೂತಿಗೆ ಮೂತಿ ತಾಗಿಸಿ ನಿಂತಿದ್ದ. ಕೈಗೆ ರೇಡಿಯೊ ತೆಗೆದುಕೊಂಡೆ, ಗುಂಡಿ ಒತ್ತಿದೆ, ಚರಚರ ಎಂದಿತು. ಆಗ ಪಾತ್ರೆ ತೊಳೆಯುತ್ತಿದ್ದ ನಿನ್ನ ಬೆನ್ನು ನೆನಪಾಯಿತು. ಕೆಳಗಿಟ್ಟೆ. ನಾಯಿಯನ್ನು ಬಿಟ್ಟೆ, ಕಲ್ಲು ಎಸೆದೆ. ಬಂಡೆ ಹತ್ತಿ ಒಂದು ಸಲ ತಿರುಗಿ ನೋಡಿ ಹೋದ. ನನಗೆ ಹೆಮ್ಮೆಯಾಗಿತ್ತು, ಅಕ್ಕಾ. ನಿನಗೆ ಏನೋ ತೀರಿಸಿದೆ ಎಂದುಕೊಂಡೆ.

ಟ್ರೆಂಟ್ ಚಮಚ ಕೆಳಗಿಟ್ಟ.

"ಯಾವತ್ತು?"

"ಆಗಸ್ಟ್ ಇಪ್ಪತ್ತೆರಡು."

"ರೇಡಿಯೊ ಕೆಟ್ಟಿತ್ತಾ?"

"ಇಲ್ಲ. ಚೆನ್ನಾಗೇ ಇತ್ತು."

ಅವನು ತಾರೀಖು ಬರೆದುಕೊಂಡ. ಆಮೇಲೆ ಕೇಳಿದವನು ಮಾನೆಶ್. ಮೂರು ಹೊಲದಾಚೆ ಮೇಯಿಸುವವನು, ಎಪ್ಪತ್ತು ದಾಟಿದೆ. "ನಿಮ್ಮಕ್ಕಂಗೆ ಚೀಟಿ ಎದ್ದ ದಿನ ನಾನು ಊಟ ಬಿಟ್ಟಿದ್ದೆ, ಹೊಟ್ಟೆ ಉರಿದು. ಗೊತ್ತಾ ನಿಂಗೆ?" ಎಂದ. ಗೊತ್ತಿರಲಿಲ್ಲ ಎಂದೆ. "ನಾವು ಅರ್ಜಿ ಹಾಕಿ ಹಾಕಿ ಕಾದಿದ್ದು ಆ ಬೆಟ್ಟದಲ್ಲಿ ಅವು ಇರ್ತವೆ ಅಂತ. ನೀನು ಒಂದ್ ಟಗರು ಉಳಿಸ್ದೆ." ಮಾಂಸದ ತಟ್ಟೆ ಬಂತು, ಯಾರೂ ಮುಟ್ಟಲಿಲ್ಲ.

ಪೆಯೊ ಮೇಜಿನ ತುದಿಯಿಂದ, ಚರ್ಮ ಹೂತವನು ನಾನು ಎಂದು ಸೇರಿಸಿದ. ಕೇಳಿದವರಿರಲಿಲ್ಲ, ಆದರೂ ಹೇಳಿದ.

ಕೆಮ್ಮುವವನ್ನು ದಾಟುವ ಮೊದಲು ಕೊಲ್ಲಬೇಕು, ಬೇರೆ ದಾರಿ ಇಲ್ಲ ಎಂದ ಟ್ರೆಂಟ್. ಹೆಲಿಕಾಪ್ಟರ್ ಬರಲು ವಾರ ಬೇಕು. ಹಿಮ ಅಷ್ಟು ಕಾಯುವುದಿಲ್ಲ. ಕುದುರೆ ಹತ್ತಬಲ್ಲ, ಬಂಡೆ ಗೊತ್ತಿರುವ ಜನ ಬೇಕು, ಹೊಡೆಯಲು ಅನುಮತಿಯ ಕಾಗದ ನಾನು ಬರೆದುಕೊಡುತ್ತೇನೆ ಎಂದ. ಒಬ್ಬೊಬ್ಬರೇ ಎದ್ದು ಟೋಪಿ ಹಾಕಿಕೊಂಡು ಹೋದರು. ನನ್ನ ಕಡೆ ನೋಡಲಿಲ್ಲ. ಯಾರೂ ಬರುವುದಿಲ್ಲ ಎಂದುಕೊಂಡು ಮನೆಗೆ ಹೋದೆ.

ಮಾರನೆಯ ಬೆಳಿಗ್ಗೆ ಬೆಟ್ಟದ ಬುಡಕ್ಕೆ ಎಲ್ಲರೂ ಬಂದಿದ್ದರು. ಮಾನೆಶ್ ಎಲ್ಲರಿಗಿಂತ ಮೊದಲು. ಅಲ್ಲಿದ್ದವರಲ್ಲಿ ಪ್ರತಿ ವಸಂತ ಅರ್ಜಿ ಹಾಕದವನು ಒಬ್ಬನೂ ಇರಲಿಲ್ಲ, ಚೀಟಿ ಎದ್ದವನೂ ಒಬ್ಬನಿರಲಿಲ್ಲ. ಈಗ ಟ್ಯಾಗಿಲ್ಲದೆ ಹತ್ತಿದರು. ತಣ್ಣಗಿತ್ತು, ಕೆಮ್ಮು ದೂರದಿಂದಲೇ ಕೇಳುತ್ತಿತ್ತು, ಹುಡುಕುವ ಕಷ್ಟವೇ ಇರಲಿಲ್ಲ. ಮಾನೆಶ್ ಕೊಂಬು ಸುತ್ತು ತಿರುಗಿದ ಒಂದನ್ನು ಹೊಡೆದ, ನಡೆದುಹೋಗಿ ಅದರ ಪಕ್ಕ ಮಂಡಿಯೂರಿ ಕೂತ, ಎದ್ದು ಬಂದು ಬಂದೂಕಿಗೆ ಮತ್ತೆ ಗುಂಡು ತುಂಬಿದ. ಹೀಗೇ ಮಧ್ಯಾಹ್ನದವರೆಗೆ. ಬೇರೆ ದಿನವಾಗಿದ್ದರೆ ದಾರ ತೆಗೆದು ಕೊಂಬು ಅಳೆದು ಜಗಳಾಡುವ ಜನ. ಯಾರ ಜೇಬಿನಿಂದಲೂ ದಾರ ಹೊರಬರಲಿಲ್ಲ. ಟ್ರೆಂಟ್ ಒಂದೊಂದರ ಹತ್ತಿರವೂ ಹೋಗಿ ಶ್ವಾಸಕೋಶದ ಚೂರು ಕತ್ತರಿಸಿ ಸೀಸೆಗೆ ಹಾಕಿಕೊಂಡ. ಬೆಟ್ಟದ ಪರವಾನಗಿಯ ವಿಚಾರಣೆ ಜನವರಿಯಲ್ಲಿ ಎಂದು ನನಗೆ ಅಲ್ಲೇ ಹೇಳಿದ. ಅದು ಹೇಗೆ ಮುಗಿಯುತ್ತದೆಂದು ಇಬ್ಬರಿಗೂ ಗೊತ್ತು.

ಕಣಿವೆ ದಾರಿಯ ನೆತ್ತಿಗೆ ಬಂದೆವು. ಹೊಸ ಹಿಮದ ಮೇಲೆ ಎರಡು ಟಗರುಗಳ ಹೆಜ್ಜೆ ಇತ್ತು. ಉತ್ತರಕ್ಕೆ. ಅಲ್ಲಲ್ಲಿ ಹೆಜ್ಜೆಯ ಪಕ್ಕ ಹಳದಿ ಉಗುಳು.

ಆ ಕಡೆ ಕುದುರೆ ಇಳಿಯುವುದಿಲ್ಲ. ಎಲ್ಲರೂ ಇಳಿದರು, ಬಂದೂಕು ಬೆನ್ನಿಗೆ ಹಾಕಿಕೊಂಡರು. ನಾನೂ ಹಾಕಿಕೊಂಡೆ. ಮಾನೆಶ್ ತನ್ನ ಕುದುರೆಯ ಹಗ್ಗ ನನ್ನ ಕೈಗೆ ಕೊಟ್ಟ.

"ನೀನು ಇಲ್ಲೇ ಇರು. ಇವನ್ನ ನೋಡ್ಕೋ."

ಉಳಿದವರೂ ಒಬ್ಬೊಬ್ಬರಾಗಿ ಹಗ್ಗ ಕೊಟ್ಟು ಹೆಜ್ಜೆಯ ಹಿಂದೆ ಇಳಿದುಹೋದರು. ಪೆಯೊ ಕೂಡ. ಕುದುರೆಗಳನ್ನು ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿಕೊಂಡು ಕಾದೆ. ಎರಡು ಗುಂಡಿನ ಸದ್ದು ಬರಬೇಕಿತ್ತು. ಬಹಳ ಹೊತ್ತಿನ ಮೇಲೆ ಒಂದು ಬಂತು. ಇನ್ನೊಂದಕ್ಕೆ ಕಾದೆ. ಎರಡನೇ ಟಗರು ಸಿಗದೆ ಅವರು ಹತ್ತಿ ಬರುವುದು ಕಾಣುವವರೆಗೆ ಕಾದೆ.

ಬೆಟ್ಟಿರಿ